ಖಾಲಿ ರಸ್ತೆಯ ಎದುರು ಗಾಡಿ

ಇನ್ವರ್ನೆಸ್ ಬಿಟ್ಟು ಪಶ್ಚಿಮದ ಕಡಲ ಕಡೆ ಹೊರಟವರನ್ನು ಸ್ಕಾಟ್ಲೆಂಡಿನ ರಸ್ತೆ ಮೊದಲ ಒಂದು ಗಂಟೆ ಹೆದರಿಸುವುದಿಲ್ಲ. ನಡುವೆ ಬಿಳಿ ಗೆರೆ, ನುಣ್ಣನೆಯ ಟಾರು, ತಿರುವಿಗೆ ಮೊದಲೇ ಎಚ್ಚರಿಸುವ ಫಲಕ. ಗಾಡಿ ಎಡಕ್ಕೇ ಓಡಬೇಕು, ಸ್ಟಿಯರಿಂಗ್ ಬಲಕ್ಕೇ ಇರುತ್ತದೆ. ಕರ್ನಾಟಕದಿಂದ ಬಂದವರ ಕೈಕಾಲು ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ ಅನ್ನಿಸುತ್ತದೆ. ಗಾರ್ವ್ ದಾಟಿ, ರೈಲುಹಳಿಯ ಜೊತೆಗೇ ಒಂದಷ್ಟು ದೂರ ಸಾಗಿ, ಆಕ್ನಶೀನ್ ಎಂಬ ಪುಟ್ಟ ಊರಿನ ವೃತ್ತ ಬಳಸಿ, ಗ್ಲೆನ್ ಡೊಹರ್ಟಿಯ ಇಳಿಜಾರಿನಲ್ಲಿ ಲಾಕ್ ಮರೀ ಸರೋವರವನ್ನು ದೂರದಿಂದ ಕಂಡು, ಕಿನ್‌ಲಾಕ್ಯೂ ಹಳ್ಳಿಗೆ ಇಳಿಯುವವರೆಗೂ ಹೀಗೆಯೇ. ಅಲ್ಲಿ ಎಡಕ್ಕೆ ಒಂದು ಫಲಕ: ಟಾರಿಡನ್, ಎ896. ತಿರುಗಿದ ಮೇಲೆ ನಡುಗೆರೆ ಕಾಣೆಯಾಗುತ್ತದೆ. ರಸ್ತೆ ಒಂದೇ ಗಾಡಿಯ ಅಗಲಕ್ಕೆ ಇಳಿಯುತ್ತದೆ. ಹೋಗುವವರಿಗೂ ಬರುವವರಿಗೂ ಅದೊಂದೇ ಪಟ್ಟಿ.

ಹೊರದೇಶದಿಂದ ಬಂದು ಹೈಲ್ಯಾಂಡ್ಸ್‌ನಲ್ಲಿ ನೆಲೆಸಿದವರು ಗಾಡಿ ಓಡಿಸುವುದನ್ನು ಮತ್ತೆ ಮೊದಲಿನಿಂದ ಕಲಿಯುವುದು ಈ ತಿರುವಿನಿಂದಾಚೆ. ಅಕ್ಟೋಬರ್ ಕೊನೆಯ ಒಂದು ದಿನ, ಇಲ್ಲಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ವಾರ, ನಾನು ಆ ದಾರಿಯನ್ನು ಎಡಸೀಟಿನಲ್ಲಿ ಕೂತು ನೋಡಿದೆ. ಓಡಿಸುತ್ತಿದ್ದವಳು ಹೊಸನಗರ ತಾಲ್ಲೂಕಿನ ಹುಡುಗಿ. ಲಾಕ್‌ಕ್ಯಾರನ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಸುತ್ತಲ ಹಳ್ಳಿಗಳಲ್ಲಿ ಒಂಟಿಯಾಗಿರುವ ವಯಸ್ಸಾದವರ ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸ ಅವಳದು. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಗಂಜಿ ಕಾಯಿಸಿ ತಿನ್ನಿಸುವುದು. ಒಂದು ಮನೆಯಿಂದ ಇನ್ನೊಂದಕ್ಕೆ ಹತ್ತು ಮೈಲಿ ಇರಬಹುದು, ಇಪ್ಪತ್ತೂ ಇರಬಹುದು. ಕೆಲಸದ ಅರ್ಧ ಭಾಗ ರಸ್ತೆಯಲ್ಲೇ ಕಳೆಯುತ್ತದೆ. ಅಂದು ಅವಳಿಗೆ ರಜೆ. ರೈಲಿನಲ್ಲಿ ಬಂದ ನನ್ನನ್ನು ಆಕ್ನಶೀನ್ ನಿಲ್ದಾಣದಲ್ಲಿ ಹತ್ತಿಸಿಕೊಂಡು, "ನಾನು ದಿನಾ ಓಡಾಡೋ ದಾರಿ ಮೊದಲು ತೋರಿಸ್ತೀನಿ ಅಕ್ಕ, ಆಮೇಲೆ ಘಾಟಿ ಹತ್ತೋಣ" ಎಂದು ಹೊರಟಳು.

ಕಿನ್‌ಲಾಕ್ಯೂ ಬಿಟ್ಟ ಸ್ವಲ್ಪ ಹೊತ್ತಿಗೇ ರಸ್ತೆಯ ಅಂಚು ಒಂದು ಕಡೆ ಉಬ್ಬಿ, ಒಂದು ಕಾರು ನಿಲ್ಲುವಷ್ಟು ಜಾಗ ಬಂತು. ಕಂಬದ ಮೇಲೆ ಬಿಳಿ ಫಲಕ: ಪಾಸಿಂಗ್ ಪ್ಲೇಸ್. ಇಂಥವು ಕಣ್ಣಳತೆಯ ದೂರಕ್ಕೊಂದರಂತೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬರುತ್ತಲೇ ಇರುತ್ತವೆ. ಎದುರು ಗಾಡಿ ಕಂಡಾಗ ನಿಮಗೆ ಹತ್ತಿರದ ಜಾಗ ಎಡಕ್ಕಿದ್ದರೆ ಅದರೊಳಗೆ ಸರಿದು ನಿಲ್ಲಬೇಕು. ಬಲಕ್ಕಿದ್ದರೆ ಅದರೊಳಗೆ ನುಗ್ಗಬಾರದು. ಅದರ ಎದುರಿಗೆ, ನಿಮ್ಮ ಎಡದಲ್ಲೇ ನಿಂತು, ಬರುವವರು ಆ ಉಬ್ಬನ್ನು ಬಳಸಿಕೊಂಡು ದಾಟುವಂತೆ ಬಿಡಬೇಕು. ಬ್ರಿಟನ್ನಿನ ರಸ್ತೆ ಸಂಹಿತೆಯಲ್ಲಿ ಇದಕ್ಕೆಂದೇ ನಿಯಮ ಉಂಟು. ಬಲಕ್ಕೆ ಸರಿದು ನಿಂತರೆ ಏನಾಗುತ್ತದೆ ಎಂದು ಅವಳು ವಿವರಿಸಿದಳು: ಎದುರಿನವರು ತಮ್ಮ ಎಡಕ್ಕೆ, ಅಂದರೆ ಅದೇ ಜಾಗಕ್ಕೆ, ಬರಲು ಮನಸ್ಸು ಮಾಡಿರುತ್ತಾರೆ. ಇಬ್ಬರೂ ಒಳ್ಳೆಯತನದಿಂದಲೇ ಒಂದೇ ಕಡೆ ತಿರುಗಿ ಮುಖಾಮುಖಿಯಾಗುತ್ತಾರೆ.

ನಾವು ದಾಟಿದವರೆಲ್ಲ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೋ ಇಡೀ ಅಂಗೈಯೋ ಎತ್ತಿ ಹೋದರು. ಅವಳೂ ಎತ್ತಿದಳು. ಪಕ್ಕಕ್ಕೆ ನಿಂತವರಿಗೆ ಕೈ ಎತ್ತದೆ ಹೋಗುವುದು ಇಲ್ಲಿ ಒರಟುತನ. ಆ ಕೈ ಸೌಜನ್ಯಕ್ಕಷ್ಟೇ ಅಲ್ಲ. ನಾನು ನಿನ್ನನ್ನು ಕಂಡಿದ್ದೇನೆ ಎಂಬ ಖಾತರಿಯೂ ಅದರಲ್ಲಿದೆ. ಒಂದೇ ಪಟ್ಟಿಯ ಮೇಲೆ ಎದುರುಬದುರಾಗಿ ಬರುವ ಇಬ್ಬರಿಗೆ ಅದಕ್ಕಿಂತ ಬೇಕಾದದ್ದು ಬೇರೇನಿದೆ?

ಇನ್ನೊಂದು ಸಂಕೇತದ ವಿಷಯ ಹೇಳಲೇಬೇಕು, ಏಕೆಂದರೆ ನಮ್ಮ ಕಡೆಯಿಂದ ಬಂದವರಿಗೆ ಅದು ನೇರವಾಗಿ ಪ್ರಾಣಕ್ಕೆ ಸಂಬಂಧಿಸಿದ್ದು. ನಮ್ಮ ಘಾಟಿಗಳಲ್ಲಿ ಎದುರಿನಿಂದ ಬರುವವನು ಹೆಡ್‌ಲೈಟ್ ಹೊಡೆದರೆ ಎಲ್ಲರಿಗೂ ಗೊತ್ತಿರುವ ಸುದ್ದಿ ಒಂದೇ: ನಾನು ಬರುತ್ತಿದ್ದೇನೆ, ನೀನು ನಿಲ್ಲು. ಹೈಲ್ಯಾಂಡ್ಸ್‌ನಲ್ಲಿ ಅದು ಪೂರ್ತಿ ತಿರುಗುಮುರುಗು: ನಾನು ನಿಂತಿದ್ದೇನೆ, ನೀನು ಬಾ. ನಿಯಮ ಪುಸ್ತಕದ ಪ್ರಕಾರ ಲೈಟು ಹೊಡೆಯುವುದು ನಿಮ್ಮ ಇರವನ್ನು ತಿಳಿಸಲು ಮಾತ್ರ. ಆದರೆ ರಸ್ತೆಯ ರೂಢಿ ಹೀಗಿದೆ. ನಿಲ್ಲು ಎಂದು ನೀವು ಲೈಟು ಹೊಡೆದು ವೇಗ ತಗ್ಗಿಸದೆ ಮುನ್ನಡೆದರೆ, ಎದುರಿನವರು ಕರೆದಿದ್ದಾರೆಂದು ತಿಳಿದು ಹೊರಟೇ ಬರುತ್ತಾರೆ. ಇಬ್ಬರದೂ ತಪ್ಪು ತಿಳಿವಳಿಕೆ, ನಡುವೆ ಒಂದೇ ಗಾಡಿಯ ಅಗಲ. ಹುಲಿಕಲ್ ಘಾಟಿಯಲ್ಲಿ ಅಪ್ಪನ ಓಮ್ನಿ ಓಡಿಸಿ ಪಳಗಿದ ಈ ಹುಡುಗಿ ಮೊದಲು ಮಾಡಿದ ಕೆಲಸವೆಂದರೆ ಬೆರಳನ್ನು ಆ ಸ್ವಿಚ್ಚಿನಿಂದ ದೂರ ಇಡುವುದು. "ತಿಳಿಸಬೇಕು ಅಂದ್ರೆ ನಿಂತು ತಿಳಿಸೋದು. ನಿಂತ ಗಾಡಿ ನೋಡಿ ಯಾರೂ ತಪ್ಪು ತಿಳ್ಕೊಳಲ್ಲ ಅಕ್ಕ."

ಗ್ಲೆನ್ ಟಾರಿಡನ್ ತೆರೆದುಕೊಂಡಿತು. ಬಲಕ್ಕೆ ಬೆನ್ ಏ ಪರ್ವತ. ಅದರ ನೆತ್ತಿಯ ಬಿಳಿ ಕ್ವಾರ್ಟ್‌ಜೈಟ್ ಕಲ್ಲು ದೂರಕ್ಕೆ ಹಿಮ ಬಿದ್ದಂತೆ ಕಾಣುತ್ತದೆ. ಬ್ರಿಟನ್ನಿನ ಮೊತ್ತಮೊದಲ ರಾಷ್ಟ್ರೀಯ ನಿಸರ್ಗಧಾಮ ಇದೇ, 1951ರಲ್ಲಿ ಆದದ್ದು. ಆಮೇಲೆ ಲೀಅಹಖ್ ಪರ್ವತ, 1,055 ಮೀಟರ್ ಎತ್ತರದ ಕೆಂಗಂದು ಮರಳುಗಲ್ಲಿನ ಗೋಡೆ, ರಸ್ತೆಯ ಪಕ್ಕದಿಂದಲೇ ಎದ್ದು ನಿಂತಿದೆ. ಕಣಿವೆಯಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ನಡೆದು ಹೋಗುವ ಒಬ್ಬನಿಲ್ಲ. ರಸ್ತೆ ನೇರ, ಎದುರು ಖಾಲಿ. ಊರ ಹೊರಗಿನ ಇಂಥ ರಸ್ತೆಗೆ ಕಾನೂನು ಹಾಕಿರುವ ಮಿತಿ ಗಂಟೆಗೆ 60 ಮೈಲಿ, ಅಂದರೆ 96 ಕಿಲೋಮೀಟರು. ಬಿಳಿ ವೃತ್ತದ ಮೇಲೆ ಓರೆಯ ಕಪ್ಪು ಪಟ್ಟಿ ಇರುವ ಫಲಕ ಅದನ್ನೇ ಹೇಳುತ್ತದೆ. ಒಂದೇ ಗಾಡಿಯ ಅಗಲದ ರಸ್ತೆಗೂ ಅದೇ ಫಲಕ.

ಇಲ್ಲಿ ಗಾಡಿ ಓಡಿಸುವುದರ ಕಷ್ಟ ಯಾವುದು ಎಂದು ಊರಿನವರು ಕೇಳಿದಾಗಲೆಲ್ಲ ನಾನು ಹೇಳುವುದು ಈ ಖಾಲಿತನದ ಬಗ್ಗೆ. ಶಿವಮೊಗ್ಗ ಜಿಲ್ಲೆಯ ವಿಸ್ತೀರ್ಣ 8,400 ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 17 ಲಕ್ಷಕ್ಕೂ ಮಿಕ್ಕಿ. ಹೈಲ್ಯಾಂಡ್ ಕೌನ್ಸಿಲ್ ನೋಡಿಕೊಳ್ಳುವ ನೆಲ ಅದರ ಮೂರು ಪಟ್ಟು, ಜನ ಸುಮಾರು 2 ಲಕ್ಷ 35 ಸಾವಿರ. ನಮ್ಮ ರಸ್ತೆಗಳಲ್ಲಿ ಅಪಾಯ ಎದುರಿಗೇ ನಿಂತಿರುತ್ತದೆ: ಲಾರಿ, ಬೈಕು, ಶಾಲೆ ಬಿಟ್ಟ ಮಕ್ಕಳು, ಅಡಕೆ ಒಣಗಿಸಲು ಹಾಕಿದ ತಾಡಪಾಲು. ಆ ಸಂದಣಿಯೇ ವೇಗಕ್ಕೆ ಕಡಿವಾಣ. ಕಣ್ಣು ಒಂದು ಕ್ಷಣವೂ ಸಡಿಲವಾಗದು. ಇಲ್ಲಿ ಹತ್ತು ನಿಮಿಷ ಯಾರೂ ಬರುವುದಿಲ್ಲ. ಹನ್ನೊಂದನೆಯ ನಿಮಿಷಕ್ಕೆ ದಿಬ್ಬದ ಆಚೆಯಿಂದ ಮರದ ದಿಮ್ಮಿ ಹೇರಿಕೊಂಡ ಲಾರಿ ಏಳುತ್ತದೆ. ಅಷ್ಟರಲ್ಲಿ ಖಾಲಿ ರಸ್ತೆ ನಿಮ್ಮ ಕಾಲನ್ನು ಆಕ್ಸಿಲರೇಟರಿನ ಮೇಲೆ ಎಷ್ಟು ಒತ್ತಿಸಿದೆ ಎಂಬುದು ನಿಮಗೇ ತಿಳಿದಿರುವುದಿಲ್ಲ. ಸ್ಕಾಟ್ಲೆಂಡಿನ ರಸ್ತೆ ಸಾವುಗಳಲ್ಲಿ ಹೆಚ್ಚಿನ ಪಾಲು ಸಂಭವಿಸುವುದು ಪೇಟೆಗಳಲ್ಲಲ್ಲ, ಇಂಥ ಹೊರ ರಸ್ತೆಗಳಲ್ಲಿ.

ಲೆಕ್ಕ ಹಾಕಿ ನೋಡಿದರೆ ಭಯ ಇನ್ನೂ ಸ್ಪಷ್ಟವಾಗುತ್ತದೆ. 60 ಮೈಲಿ ವೇಗದಲ್ಲಿ, ಒಣ ರಸ್ತೆಯಲ್ಲಿ, ಅಪಾಯ ಕಂಡ ಗಳಿಗೆಯಿಂದ ಗಾಡಿ ಪೂರ್ತಿ ನಿಲ್ಲಲು 73 ಮೀಟರ್ ಬೇಕು ಎನ್ನುತ್ತದೆ ರಸ್ತೆ ಸಂಹಿತೆ. 40 ಮೈಲಿಯಲ್ಲಿ 36 ಮೀಟರ್ ಸಾಕು. ಒಂದೇ ಪಟ್ಟಿಯ ರಸ್ತೆಯಲ್ಲಿ ಎದುರಿನವರಿಗೂ ಅಷ್ಟೇ ಜಾಗ ಬೇಕಲ್ಲವೇ? ಆದ್ದರಿಂದ ಇಲ್ಲಿನ ಅನುಭವಿಗಳು ಕಲಿಸುವುದು ಇಷ್ಟು: ನಿನಗೆ ಎಷ್ಟು ದೂರ ಕಾಣುತ್ತದೋ ಅದರ ಅರ್ಧದೊಳಗೆ ನಿಲ್ಲುವಂತಿರಬೇಕು. ಉಳಿದ ಅರ್ಧ ಎದುರಿನವರದು. ಅವಳು ಅದನ್ನು ಅಕ್ಷರಶಃ ಪಾಲಿಸುತ್ತಿದ್ದಳು. ನೇರ ರಸ್ತೆಯಲ್ಲಿ 45, ದಿಬ್ಬದ ನೆತ್ತಿ ಬಂದಾಗ 15ಕ್ಕೆ ಇಳಿತ; ಆಚೆ ಏನೂ ಇಲ್ಲದಿದ್ದರೆ ಮತ್ತೆ ಏರಿಕೆ. ಅವಳ ಕಣ್ಣು ಬಾನೆಟ್ಟಿನ ಮುಂದಿನ ರಸ್ತೆಯಲ್ಲಿರಲಿಲ್ಲ. ಮೂರು ಪಾಸಿಂಗ್ ಪ್ಲೇಸುಗಳಾಚೆ ಕಣಿವೆಯ ತಿರುವಿನಲ್ಲಿ ಮಿನುಗಬಹುದಾದ ಗಾಜಿನ ಮೇಲಿತ್ತು. "ಬರ್ತಾ ಇದೆ ಒಂದು, ನಾವು ಆ ಎರಡನೇದರಲ್ಲಿ ನಿಲ್ಲೋಣ" ಎನ್ನುತ್ತಾಳೆ. ನನಗೆ ಆ ಗಾಡಿ ಇನ್ನೂ ಕಂಡೇ ಇರಲಿಲ್ಲ.

ಗಾಜಿಗಿಂತ ಕಷ್ಟವಾದದ್ದು ಕಂದು ಬಣ್ಣ. ಅಕ್ಟೋಬರ್ ಕೆಂಪು ಜಿಂಕೆಗಳ ಬೆದೆಯ ಕಾಲ. ಗುಡ್ಡದ ಮೇಲೆ ಗಂಡುಗಳು ಗುಟುರು ಹಾಕುತ್ತ ಕಾದಾಡುತ್ತವೆ, ಓಡಿಸಿಕೊಂಡು ಕೆಳಗೆ ಬರುತ್ತವೆ. ಚಳಿ ಹೆಚ್ಚಿದಂತೆ ಹುಲ್ಲಿಗಾಗಿ ಇಡೀ ಹಿಂಡು ರಸ್ತೆಯಂಚಿಗೆ ಇಳಿಯುತ್ತದೆ. ಈ ಹೊತ್ತಿನಲ್ಲಿ ಒಣಗಿದ ಜರಿಗಿಡ, ಹುಲ್ಲು, ಕಲ್ಲು ಎಲ್ಲವೂ ಅವುಗಳ ಮೈಬಣ್ಣವೇ. ನೂರು ಕಿಲೋಗೂ ಮಿಕ್ಕಿ ತೂಗುವ ಗಂಡುಜಿಂಕೆ ಕಾರಿನ ಮುಂಗಾಜಿನ ಮಟ್ಟಕ್ಕೆ ಬರುತ್ತದೆ. ಮುಸ್ಸಂಜೆ ಮತ್ತು ನಸುಕು ಅಪಾಯದ ಹೊತ್ತು. ಒಂದು ದಾಟಿದರೆ ನಿಲ್ಲಬೇಕು, ಹಿಂದೆ ಇನ್ನೊಂದಿರುತ್ತದೆ. ತಪ್ಪಿಸಲು ಹೋಗಿ ಸ್ಟಿಯರಿಂಗ್ ಎಳೆದರೆ ಅಂಚಿನ ಜೌಗು ಮಣ್ಣು ಚಕ್ರವನ್ನು ನುಂಗಿಕೊಳ್ಳುತ್ತದೆ. ನೇರವಾಗಿ ಬ್ರೇಕ್ ಒತ್ತುವುದೇ ಸರಿ.

ಕಾನೂನಿನ ಒಂದು ವಿವರ ಇಲ್ಲಿಗೆ ಬಂದ ಹೊಸಬರಿಗೆ ಗೊತ್ತಿರಬೇಕು. ದನ, ಕುದುರೆ, ಕತ್ತೆ, ಹೇಸರಗತ್ತೆ, ಕುರಿ, ಹಂದಿ, ಆಡು, ನಾಯಿ, ಇವುಗಳಲ್ಲಿ ಯಾವುದಕ್ಕೆ ಗಾಡಿ ಬಡಿದು ಗಾಯವಾದರೂ ನಿಲ್ಲಬೇಕು, ಒಡೆಯರಿಗೋ ಪೊಲೀಸರಿಗೋ ತಿಳಿಸಬೇಕು. 1988ರ ರಸ್ತೆ ಸಂಚಾರ ಕಾಯ್ದೆಯ ಮಾತು ಇದು. ಜಿಂಕೆ ಆ ಪಟ್ಟಿಯಲ್ಲಿಲ್ಲ. ಆದರೂ ಗಾಯಗೊಂಡ ಜಿಂಕೆ ರಸ್ತೆಯಲ್ಲೇ ಬಿದ್ದಿದ್ದರೆ ಪೊಲೀಸರಿಗೆ ಕರೆ ಮಾಡುವುದು ಅದಕ್ಕೂ, ಹಿಂದೆ ಬರುವವರಿಗೂ ನಾವು ಸಲ್ಲಿಸಲೇಬೇಕಾದ ಋಣ.

ಕುರಿಗಳ ರೀತಿಯೇ ಬೇರೆ. ಮಲೆನಾಡಿನ ದನ ಮಳೆಗಾಲದ ರಾತ್ರಿ ಟಾರಿನ ಮೇಲೆ ಮಲಗಿದರೆ ಲಾರಿ ಬಂದರೂ ಏಳುವುದಿಲ್ಲ. ಅದನ್ನು ಬಳಸಿ ಹೋಗಲು ನಾವು ಕಲಿತಿರುತ್ತೇವೆ. ಇಲ್ಲಿನ ಕುರಿಯೂ ಟಾರಿನ ಬೆಚ್ಚನೆಗೆ ಮಲಗುತ್ತದೆ, ಆದರೆ ಗಾಡಿ ಹತ್ತಿರವಾದಾಗ ದಿಗ್ಗನೆದ್ದು ಯಾವ ಕಡೆಗಾದರೂ ಓಡುತ್ತದೆ. ಮರಿ ಹಾಕುವ ಏಪ್ರಿಲ್, ಮೇ ತಿಂಗಳಲ್ಲಿ ರಸ್ತೆಯ ಒಂದು ಬದಿಗೆ ತಾಯಿ, ಇನ್ನೊಂದು ಬದಿಗೆ ಮರಿ ಕಂಡರೆ ಗಾಡಿ ನಿಲ್ಲಿಸಿಬಿಡಬೇಕು. ಮರಿ ತಾಯಿಯ ಹತ್ತಿರ ಓಡಿಯೇ ಓಡುತ್ತದೆ.

ಟಾರಿಡನ್‌ನಲ್ಲಿ ಕಡಲತೋಳಿನ ದಂಡೆಗೆ ಗಾಡಿ ನಿಲ್ಲಿಸಿ ಫ್ಲಾಸ್ಕಿನ ಕಾಫಿ ಕುಡಿದೆವು. ಅವಳ ಮನಸ್ಸಿನಲ್ಲಿದ್ದ ವಿಷಯ ಆಗ ಹೊರಬಂತು. ಬ್ರಿಟನ್ ಆರೈಕೆ ಕೆಲಸಗಾರರಿಗೆ ವೀಸಾ ತೆರೆದದ್ದು 2022ರ ಫೆಬ್ರವರಿಯಲ್ಲಿ; ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದನ್ನು 2025ರ ಜುಲೈನಲ್ಲಿ ನಿಲ್ಲಿಸಿತು. ಆ ಬಾಗಿಲು ತೆರೆದಿದ್ದಾಗ ಬಂದವರಲ್ಲಿ ಅವಳೊಬ್ಬಳು. ಹಳ್ಳಿಗಾಡಿನ ಮನೆ ಆರೈಕೆಗೆ ಗಾಡಿ ಓಡಿಸಲು ಬರಲೇಬೇಕು. ಭಾರತದ ಪರವಾನಗಿ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಿರಬೇಕು. ಇಲ್ಲದಿದ್ದರೆ ಎಷ್ಟು ವರ್ಷ ಘಾಟಿ ಇಳಿದು ಹತ್ತಿದ್ದರೂ ಮತ್ತೆ ಕಲಿಯುವವರ ಸಾಲಿಗೆ: ಗಾಡಿಗೆ ಕೆಂಪು 'ಎಲ್', ಪಕ್ಕದಲ್ಲಿ 21 ತುಂಬಿದ, ಮೂರು ವರ್ಷ ಪೂರ್ಣ ಪರವಾನಗಿ ಹೊಂದಿದ ಒಬ್ಬರು. ಅಂದರೆ ಒಂಟಿಯಾಗಿ ಮನೆಮನೆ ಸುತ್ತುವ ಕೆಲಸಕ್ಕೇ ಕುತ್ತು.

ಬರಹದ ಪರೀಕ್ಷೆಯನ್ನು ಅವಳು ಮುಗಿಸಿದ್ದಾಳೆ. 50 ಪ್ರಶ್ನೆಗೆ 43 ಸರಿಯುತ್ತರ ಬೇಕು. ಅದರ ಜೊತೆಗೆ 14 ವಿಡಿಯೊ ತುಣುಕುಗಳು. ರಸ್ತೆಯ ದೃಶ್ಯ ಓಡುತ್ತಿರುವಾಗ ಅಪಾಯ ರೂಪುಗೊಳ್ಳತೊಡಗಿದ ಕೂಡಲೇ ಒತ್ತಬೇಕು. ಎಷ್ಟು ಬೇಗ ಕಂಡಿರೋ ಅಷ್ಟು ಹೆಚ್ಚು ಅಂಕ; 75ಕ್ಕೆ 44 ಬಂದರೆ ಪಾಸು. ಈ ದೇಶದ ಪರೀಕ್ಷೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು. ಕೈಚಳಕಕ್ಕೆ ಅಂಕವಿಲ್ಲ, ಮುಂದಾಗುವುದನ್ನು ಕಾಣುವ ಕಣ್ಣಿಗೆ ಅಂಕ. ನಮ್ಮ ಪರವಾನಗಿ ಪರೀಕ್ಷೆಗಳಲ್ಲೂ ಇದು ಬಂದರೆ ಎಷ್ಟೋ ಜೀವ ಉಳಿದೀತು ಎಂದು ಮನಸಾರೆ ನಂಬಿದ್ದೇನೆ. ಉಳಿದದ್ದು ರಸ್ತೆಯ ಮೇಲಿನ ಪರೀಕ್ಷೆ, ಸುಮಾರು 40 ನಿಮಿಷದ್ದು. ಸಣ್ಣ ತಪ್ಪು 15ರವರೆಗೆ ಮಾಫಿ, ಗಂಭೀರ ತಪ್ಪು ಒಂದೇ ಆದರೂ ನಪಾಸು. ದಿನಾಂಕ ಸಿಗುವುದಕ್ಕೆ ದೇಶದಾದ್ಯಂತ ತಿಂಗಳುಗಟ್ಟಲೆ ಕಾಯುತ್ತಾರೆ. ಅವಳಿಗೆ ಜನವರಿಯಲ್ಲಿ ಸಿಕ್ಕಿದೆ; 12 ತಿಂಗಳು ತುಂಬುವುದು ಫೆಬ್ರವರಿಗೆ.

"ಬೇರೆ ಏನಕ್ಕೂ ಹೆದರಿಕೆ ಇಲ್ಲ ಅಕ್ಕ, ಕನ್ನಡಿ ನೋಡೋದೊಂದೇ" ಎಂದಳು. ವೇಗ ಬದಲಿಸುವ, ದಿಕ್ಕು ಬದಲಿಸುವ ಪ್ರತಿ ಸಲವೂ ಕನ್ನಡಿ ನೋಡಿದ್ದು ಪರೀಕ್ಷಕರಿಗೆ ಕಾಣಬೇಕು. ನಮ್ಮಲ್ಲಿ ಹಿಂದಿನವನು ಹಾರ್ನ್ ಮಾಡಿ ತಾನಿರುವುದನ್ನು ತಿಳಿಸುತ್ತಾನೆ, ಅವನನ್ನು ಹುಡುಕಿ ನೋಡುವ ರೂಢಿ ನಮಗಿಲ್ಲ. ಇಲ್ಲಿ ಹಿಂದಿನವರು ಸುಮ್ಮನೆ ಬರುತ್ತಿರುತ್ತಾರೆ. ಕೆಲಸಕ್ಕೆ ಹೊರಟ ಸ್ಥಳೀಯರು ಬೆನ್ನ ಹಿಂದಿದ್ದರೆ ಪಾಸಿಂಗ್ ಪ್ಲೇಸಿಗೆ ಸರಿದು ಅವರನ್ನು ಮುಂದೆ ಬಿಡಬೇಕಾದ್ದೂ ನಿಯಮವೇ. ಕನ್ನಡಿ ನೋಡದವರಿಗೆ ಅದು ಹೇಗೆ ತಿಳಿದೀತು?

ಶೀಲ್ಡೇಗ್ ಹಳ್ಳಿಯ ಪಕ್ಕದಿಂದ ರಸ್ತೆ ದಕ್ಷಿಣಕ್ಕೆ ತಿರುಗುತ್ತದೆ. ಇಲ್ಲಿಂದ ಕಿಶಾರ್ನ್‌ವರೆಗೆ ಎದುರಾದದ್ದು ಹೆಚ್ಚಾಗಿ ಕ್ಯಾಂಪರ್‌ವ್ಯಾನುಗಳು. ಇನ್ವರ್ನೆಸ್ ಕೋಟೆಯಿಂದ ಹೊರಟು ಉತ್ತರದ ಕರಾವಳಿ ಸುತ್ತಿ ಅಲ್ಲಿಗೇ ಮರಳುವ 516 ಮೈಲಿಗಳ 'ನಾರ್ತ್ ಕೋಸ್ಟ್ 500' ಪ್ರವಾಸ ಮಾರ್ಗ 2015ರಲ್ಲಿ ಶುರುವಾದ ಮೇಲೆ ಈ ಸಣ್ಣ ರಸ್ತೆಗಳಿಗೆ ಅಳತೆ ಮೀರಿದ ಗಾಡಿಗಳು ಬರುತ್ತಿವೆ. ಪಾಸಿಂಗ್ ಪ್ಲೇಸಿನಲ್ಲೇ ವ್ಯಾನು ನಿಲ್ಲಿಸಿ ಊಟಕ್ಕೆ ಕೂತವರನ್ನು ಕಂಡೆವು. ಅಷ್ಟು ಜಾಗ ಹೋದರೆ ಹತ್ತಿರದ ಇನ್ನೊಂದು ಜಾಗದವರೆಗೆ ಯಾರಾದರೂ ರಿವರ್ಸ್ ಹೋಗಲೇಬೇಕು, ಆಂಬುಲೆನ್ಸ್ ಆದರೂ. ಹೊರಗಿನಿಂದ ಬರುವ ನಾವೆಲ್ಲ ತಿಳಿಯಬೇಕಾದ ವಿಷಯ: ಈ ಉಬ್ಬುಗಳು ರಸ್ತೆಯ ಪಕ್ಕದ ಜಾಗವಲ್ಲ, ರಸ್ತೆಯೇ. ಬಲಕ್ಕೆ ಓಡಿಸುವ ಯುರೋಪಿನ ಪ್ರವಾಸಿಗರದು ಇನ್ನೊಂದು ಚಿಂತೆ. ಚಿತ್ರ ತೆಗೆಯಲು ನಿಂತು ಮತ್ತೆ ಹೊರಡುವಾಗ ಹಳೆಯ ಅಭ್ಯಾಸ ಅವರನ್ನು ಬಲಕ್ಕೆ ಎಳೆಯುತ್ತದೆ. ಅದಕ್ಕಾಗಿಯೇ ನೋಟದ ತಾಣಗಳ ಹೊರದಾರಿಯಲ್ಲಿ ಎಡಕ್ಕೆ ಓಡಿಸಿ ಎಂದು ನೆನಪಿಸುವ ಫಲಕ ಹಾಕಿರುತ್ತಾರೆ.

ಟಾರ್ನಪ್ರೆಸ್. ಬಲಕ್ಕೆ ಸೀಳುವ ರಸ್ತೆಯ ಮುಖದಲ್ಲಿ ದೊಡ್ಡ ಫಲಕ. ಬ್ಯಾಲಖ್ ನ ಬಾ ಘಾಟಿಯ ಈ ರಸ್ತೆ 2,053 ಅಡಿ ಎತ್ತರಕ್ಕೆ ಏರುತ್ತದೆ, ಐದಕ್ಕೆ ಒಂದರ ಏರು, ಹೇರ್‌ಪಿನ್ ತಿರುವುಗಳಿವೆ; ಕಲಿಯುವವರಿಗೆ, ತೀರಾ ದೊಡ್ಡ ವಾಹನಗಳಿಗೆ, ಕ್ಯಾರವಾನ್‌ಗಳಿಗೆ ಮೊದಲ ಮೈಲಿಯಾಚೆ ಸಲ್ಲದು ಎಂದು ಅದು ತಿಳಿಸುತ್ತದೆ. ಚಳಿಗಾಲದ ಹವೆಯಲ್ಲಿ ಸಾಮಾನ್ಯವಾಗಿ ದಾಟಲಾಗದು ಎಂಬ ಮಾತೂ ಇದೆ. ಕಡಲ ಮಟ್ಟದಿಂದಲೇ ಏರಿಕೆ ಶುರು.

ಘಾಟಿಯ ಹುಡುಗಿ ಎರಡನೆಯ ಗೇರಿಗೆ ಇಳಿದಳು. ಮೊದಮೊದಲು ಬೆಟ್ಟದ ಮೈ ಹಿಡಿದು ಸಲೀಸಾಗಿ ಹತ್ತುವ ರಸ್ತೆ, ಹಳ್ಳದ ಸೇತುವೆ ದಾಟಿದ ಮೇಲೆ ಎರಡು ಬೆಟ್ಟಗಳ ಕಡಿದಾದ ಗೋಡೆಗಳ ನಡುವೆ ನುಗ್ಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬಲ್ಲವರಿಗೆ ಇಲ್ಲಿನ ಬೆರಳೆಣಿಕೆಯ ಹೇರ್‌ಪಿನ್ ದೊಡ್ಡದೇನಲ್ಲ ಅನ್ನಿಸಬಹುದು. ವ್ಯತ್ಯಾಸ ಅಗಲದಲ್ಲಿದೆ. ಆಗುಂಬೆಯಲ್ಲಿ ಎದುರು ಗಾಡಿ ಬಂದರೆ ಇಬ್ಬರೂ ಮೈ ಹಿಡಿ ಮಾಡಿಕೊಂಡು ದಾಟುತ್ತಾರೆ. ಇಲ್ಲಿ ಇಬ್ಬರಲ್ಲಿ ಒಬ್ಬರು ದಾರಿಯಲ್ಲಿ ಇರಲೇಬಾರದು. ಕಾಡೂ ಇಲ್ಲ. ಕಣಿವೆಯ ಕಡೆ ಮರಗಳ ಮರೆಯಿಲ್ಲದೆ ಆಳವೆಲ್ಲ ಬೆತ್ತಲೆ. ಕಬ್ಬಿಣದ ತಡೆಗೋಡೆ ಇದೆ, ಎಲ್ಲ ಕಡೆ ಇಲ್ಲ.

ಆದರೆ ಕಣ್ಣಿಗೆ ಅಡ್ಡ ಏನೂ ಇಲ್ಲದಿರುವುದೇ ಇಲ್ಲಿ ಉಪಕಾರಕ್ಕೆ ಬಂತು. ತಲೆಯೆತ್ತಿ ನೋಡಿದರೆ ಮೇಲಿನ ಮಡಿಕೆಗಳಲ್ಲಿ ಯಾರು ಇಳಿಯುತ್ತಿದ್ದಾರೆ ಎಂದು ಪೂರ್ತಿ ತಿಳಿಯುತ್ತದೆ. ಮೂರು ಗಾಡಿಗಳು ಒಟ್ಟಿಗೆ ಇಳಿಯುತ್ತಿದ್ದವು. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ಇಲ್ಲಿಯ ನಿಯಮ. ಭಾರತದ ರಸ್ತೆ ನಿಯಮದಲ್ಲೂ ಅದು ಇದೆ, ನಮ್ಮ ಘಾಟಿಯ ಬಸ್ ಚಾಲಕರು ಇಂದಿಗೂ ಅದನ್ನು ಮನ್ನಿಸುತ್ತಾರೆ. ಹಕ್ಕು ಅವಳದಿತ್ತು. ಆದರೂ ಅವಳು ಮುಂಚೆಯೇ, ಒಂದು ಅಗಲವಾದ ಜಾಗ ನೋಡಿ, ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಕಾದಳು. "ಆ ಮೂರರಲ್ಲಿ ಕೊನೇದು ದೊಡ್ಡ ವ್ಯಾನು. ಅಲ್ಲಿ ಮೇಲೆ ಅವರಿಗೆ ನಿಲ್ಲೋಕೆ ಜಾಗ ಸಾಲಲ್ಲ. ನಿಯಮ ನಂದೇ ಇರಬಹುದು ಅಕ್ಕ, ಜಾಗ ಇರೋದು ಇಲ್ಲಿ." ಮೂವರೂ ಕೈಯೆತ್ತಿ ದಾಟಿದರು. ಹಕ್ಕು ಯಾರದು ಎಂಬ ಪ್ರಶ್ನೆಗಿಂತ ಜಾಗ ಯಾರ ಹತ್ತಿರ ಇದೆ ಎಂಬುದನ್ನು ಮೊದಲು ನೋಡುವ ಈ ಬುದ್ಧಿಯನ್ನು ಹೊಸನಗರದ ಬಸ್ ಚಾಲಕರಿಂದ ತಂದಳೋ, ಇಲ್ಲಿಯ ಅಂಚೆ ವ್ಯಾನಿನವರಿಂದ ಕಲಿತಳೋ, ನಾನು ಕೇಳಲಿಲ್ಲ.

626 ಮೀಟರ್ ಎತ್ತರದ ನೆತ್ತಿಯಲ್ಲಿ ಮೋಡ ಕವಿದಿತ್ತು. ತೆರವಿದ್ದ ದಿನ ಇಲ್ಲಿಂದ ರಾಸೇ ದ್ವೀಪ, ಅದರಾಚೆ ಸ್ಕೈ ದ್ವೀಪದ ಬೆಟ್ಟಸಾಲು ಕಾಣುತ್ತವೆ. ನಮಗೆ ಕಂಡದ್ದು ಹತ್ತು ಮಾರು ದೂರದ ಕಲ್ಲು. ಈ ರಸ್ತೆ 1822ರದು. ಆಪಲ್‌ಕ್ರಾಸ್ ಪರ್ಯಾಯ ದ್ವೀಪದವರಿಗೆ ಒಂದೂವರೆ ಶತಮಾನ ಕಾಲ ನೆಲದ ಮೂಲಕ ಹೊರಗೆ ಬರಲು ಇದ್ದ ಗಾಡಿ ರಸ್ತೆ ಇದೊಂದೇ. ಹಿಮ ಬಿದ್ದರೆ ಕಡಲೇ ಗತಿ. ಉತ್ತರದ ಕರಾವಳಿ ಬಳಸಿ ಶೀಲ್ಡೇಗ್‌ಗೆ ಹೋಗುವ ರಸ್ತೆ ಪೂರ್ಣವಾದದ್ದು 1970ರ ದಶಕದಲ್ಲಿ. ಘಾಟಿ ಮುಚ್ಚಿದ ರಾತ್ರಿ ಹೆರಿಗೆ ನೋವು ಬಂದ ಹೆಂಗಸರು ಏನು ಮಾಡಿಯಾರು ಎಂದು ಯೋಚಿಸುತ್ತ ನಾನು ಆ ಮೋಡದಲ್ಲಿ ನಿಂತೆ. ಇಂದಿಗೂ ಈ ಕಡೆಯವರು ದೊಡ್ಡ ಚಿಕಿತ್ಸೆಗೆ ಇನ್ವರ್ನೆಸ್‌ನ ರೇಗ್‌ಮೋರ್ ಆಸ್ಪತ್ರೆಗೇ ಹೋಗಬೇಕು.

ಆಚೆಯ ಇಳಿಜಾರು ಉದ್ದ, ಕಡಿದು ಕಡಿಮೆ. ಅಪಾಯ ಇರುವುದು ಆ ಸರಾಗದಲ್ಲೇ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅವಳು ಎರಡನೆಯ ಗೇರಿನಲ್ಲೇ ಇಳಿಸಿದಳು. ಈ ಒಂದು ವಿದ್ಯೆ ಮಲೆನಾಡಿನಿಂದ ಹಾಗೇ ಬಂದದ್ದು, ಏನನ್ನೂ ತಿದ್ದಬೇಕಾಗಿಲ್ಲ.

ಆಪಲ್‌ಕ್ರಾಸ್ ಕೊಲ್ಲಿಯ ಹಳ್ಳಿಯಲ್ಲಿ ಪೆಟ್ರೋಲ್ ಪಂಪನ್ನು ಊರಿನವರೇ ಸೇರಿ ನಡೆಸುತ್ತಾರೆ. ಅದು ಇಲ್ಲದಿದ್ದರೆ ಮುಂದಿನ ಪಂಪಿಗೆ ಘಾಟಿ ದಾಟಿ ಹೋಗಬೇಕು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಅವಳು ಬಿಡುವುದಿಲ್ಲ. ಡಿಕ್ಕಿ ತೆರೆದು ತೋರಿಸಿದಳು: ಕಂಬಳಿ, ಟಾರ್ಚು, ಸಣ್ಣ ಸಲಿಕೆ, ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಪಟ್ಟಿ, ನೀರು, ಒಣ ಅವಲಕ್ಕಿ. ಫೋನಿಗೆ ಸಿಗ್ನಲ್ ಇಲ್ಲದ ಮೈಲಿಗಳೇ ಹೆಚ್ಚು. ಚಳಿಗಾಲದ ಟಯರು ಈ ದೇಶದಲ್ಲಿ ಕಡ್ಡಾಯವಲ್ಲ; ಅವಳು ಕೊಂಡುಕೊಂಡಿದ್ದಾಳೆ, ಒಂದು ತಿಂಗಳ ಉಳಿತಾಯ ಅದಕ್ಕೇ ಹೋಯಿತು.

ಇನ್ನು ಬರುವುದು ನಮ್ಮವರಿಗೆ ಯಾವ ಮುನ್ನನುಭವವೂ ಇಲ್ಲದ ಋತು. ಡಿಸೆಂಬರ್ ಕೊನೆಗೆ ಈ ಭಾಗದಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಒಂಬತ್ತರ ಹೊತ್ತಿಗೆ, ಮುಳುಗುವುದು ಮೂರೂವರೆಗೆ. ಆರೈಕೆಯ ಬೆಳಗಿನ ಸುತ್ತೂ ಸಂಜೆಯ ಸುತ್ತೂ ಕತ್ತಲಲ್ಲೇ. ಟಾರಿನ ಮೇಲೆ ಕಣ್ಣಿಗೆ ಕಾಣದಂತೆ ಹರಡಿಕೊಳ್ಳುವ ಮಂಜುಗಡ್ಡೆಯ ತೆಳುಪದರ ಒದ್ದೆ ರಸ್ತೆಯಂತೆಯೇ ಹೊಳೆಯುತ್ತದೆ. ಅದರ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಯ ಹತ್ತು ಪಟ್ಟು ದೂರ ಬೇಕಾಗಬಹುದು. ಉಪ್ಪು ಚೆಲ್ಲುವ ಲಾರಿಗಳಿಗೆ ಇಲ್ಲಿ ಗ್ರಿಟರ್ ಎನ್ನುತ್ತಾರೆ. ಸ್ಕಾಟ್ಲೆಂಡಿನ ಹೆದ್ದಾರಿಗಳ ಗ್ರಿಟರ್‌ಗಳಿಗೆ ಜನರೇ ಪ್ರೀತಿಯಿಂದ ಹೆಸರಿಟ್ಟಿದ್ದಾರೆ, ಯಾವುದು ಎಲ್ಲಿದೆ ಎಂದು ಅಂತರ್ಜಾಲದ ನಕ್ಷೆಯಲ್ಲಿ ನೋಡಬಹುದು. ಹೈಲ್ಯಾಂಡ್ ಕೌನ್ಸಿಲ್ ಕೈಯಲ್ಲಿರುವುದು 4,000 ಮೈಲಿಗೂ ಹೆಚ್ಚು ರಸ್ತೆ. ಮುಖ್ಯ ರಸ್ತೆಗಳು ಮೊದಲು, ಕವಲುಗಳು ಆಮೇಲೆ, ಮುದುಕಿಯೊಬ್ಬಳ ಮನೆಗೆ ಹೋಗುವ ಕೊನೆಯ ಅರ್ಧ ಮೈಲಿ ಎಲ್ಲಕ್ಕಿಂತ ಕೊನೆಗೆ. ಆ ಅರ್ಧ ಮೈಲಿಯನ್ನು ಅವಳು ನಡೆದೇ ಹೋಗುವುದಾಗಿ ನಿರ್ಧರಿಸಿದ್ದಾಳೆ.

ರಸ್ತೆಯೇ ಇಲ್ಲವಾಗುವ ದಿನಗಳೂ ಬರಬಹುದು. ಲಾಕ್‌ಕ್ಯಾರನ್‌ನಿಂದ ಕೈಲ್ ಕಡೆ ಹೋಗುವ ಸ್ಟ್ರೋಮ್‌ಫೆರಿಯ ರಸ್ತೆಯ ಮೇಲೆ 2011ರ ಡಿಸೆಂಬರ್‌ನಲ್ಲಿ ಬಂಡೆ ಕುಸಿದಾಗ ಸುತ್ತುದಾರಿ ಸುಮಾರು 140 ಮೈಲಿ ಆಯಿತು. ಕೊನೆಗೆ ಪಕ್ಕದ ರೈಲುಹಳಿಯ ಮೇಲೆಯೇ ಗಾಡಿಗಳು ಓಡಾಡುವಂತೆ ಏರ್ಪಾಡು ಮಾಡಿ, ರೈಲಿಗೂ ಕಾರಿಗೂ ಸರದಿ ಹಾಕಿದರು. ಆ ಊರಿನವರು ಅದನ್ನು ಇಂದಿಗೂ ಹೇಳುತ್ತಾರೆ.

ವಾಪಸು ಬರುವಾಗ ಘಾಟಿ ಬೇಡವೆಂದು ಕರಾವಳಿಯ ದಾರಿ ಹಿಡಿದೆವು. ದೂರ ಇಮ್ಮಡಿಗೂ ಹೆಚ್ಚು, ಆದರೆ ಚಳಿಗಾಲದಲ್ಲಿ ಆಪಲ್‌ಕ್ರಾಸ್‌ನಲ್ಲಿ ಕೆಲಸ ಬಿದ್ದರೆ ಅವಳಿಗೆ ಇದೇ ದಾರಿ. ಬೆಳಕಿರುವಾಗ ಒಂದೊಂದು ದಿಬ್ಬವನ್ನೂ ನೋಡಿಕೊಳ್ಳಬೇಕಿತ್ತು. ಕುರುಡು ದಿಬ್ಬಗಳು ಸಾಲುಸಾಲಾಗಿ ಬರುತ್ತವೆ. ಒಂದರ ನೆತ್ತಿಯಲ್ಲಿ ಬಾನೆಟ್ಟಿನ ಮುಂದೆ ಆಕಾಶವಲ್ಲದೆ ಬೇರೇನೂ ಕಾಣದು, ಇಳಿದ ಕೂಡಲೇ ರಸ್ತೆ ಎಡಕ್ಕೋ ಬಲಕ್ಕೋ ಮುರಿದಿರುತ್ತದೆ. ಅವಳು ಪ್ರತಿಯೊಂದರ ಮೊದಲೂ ವೇಗ ಇಳಿಸಿ, ಆಚೆಗೆ ಮೂಡಿದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು: ಎಡಕ್ಕೆ ತಿರುವು, ಆಮೇಲೆ ದನ ದಾಟದ ಕಬ್ಬಿಣದ ಜಾಲರಿ, ಆಮೇಲೆ ಕೆಂಪು ಚಾವಣಿಯ ಮನೆ.

ಅವಳ ಭೇಟಿಯ ಪಟ್ಟಿ ಕಚೇರಿಯಲ್ಲಿ ತಯಾರಾಗುತ್ತದೆ. ಎರಡು ಮನೆಗಳ ನಡುವಿನ ಹೊತ್ತನ್ನು ಫೋನಿನ ನಕ್ಷೆ ಹೇಳಿದ ನಿಮಿಷಗಳಂತೆ ಬರೆದಿರುತ್ತಾರೆ. ಪಾಸಿಂಗ್ ಪ್ಲೇಸಿನಲ್ಲಿ ಕಾದದ್ದು, ಕುರಿಹಿಂಡಿಗೆ ನಿಂತದ್ದು, ಹಿಂದಿನವರನ್ನು ಮುಂದೆ ಬಿಟ್ಟದ್ದು ಆ ನಿಮಿಷಗಳಲ್ಲಿ ಇರುವುದಿಲ್ಲ. ತಡವಾದರೆ ಅಲ್ಲಿ ಹಾಸಿಗೆಯಲ್ಲಿ ಒಬ್ಬರು ಕಾಯುತ್ತಿರುತ್ತಾರೆ. ಕಾಲು ತಾನಾಗಿ ಒತ್ತುತ್ತದೆ. ಅವಳು ಕೆಲವು ವಾರ ಪ್ರತಿ ಮನೆಗೂ ತಲುಪಿದ ನಿಜವಾದ ಹೊತ್ತನ್ನು ಪುಸ್ತಕದಲ್ಲಿ ಬರೆದಿಟ್ಟು, ಅದನ್ನು ಮೇಲ್ವಿಚಾರಕಿಯ ಮುಂದಿಟ್ಟಳು. ನವೆಂಬರ್‌ನಿಂದ ಮಾರ್ಚ್‌ವರೆಗೆ ಎರಡು ಮನೆಗಳ ನಡುವೆ ಹದಿನೈದು ನಿಮಿಷ ಹೆಚ್ಚು ಸಿಕ್ಕಿದೆ, ಅವಳಿಗೊಬ್ಬಳಿಗೇ ಅಲ್ಲ, ಆ ದಾರಿಯಲ್ಲಿ ಓಡಾಡುವ ಎಲ್ಲ ಕೆಲಸಗಾರರಿಗೂ.